ಸೋಮವಾರದ ಹಾಜರಿ

ಹಲಸೂರಿನ ಅಂಜನಮೂರ್ತಿಯವರು ಇಪ್ಪತ್ತಾರು ವರ್ಷ ಅರ್ಧ ಬೀಗದ ಮೇಲೆ ಸಂಸಾರ ಮಾಡಿದವರು. ಶಿವಾಜಿನಗರದಲ್ಲಿ ಒಂದು ಸಣ್ಣ ಸಹಕಾರಿ ಬ್ಯಾಂಕಿತ್ತು. ಅದರ ಭದ್ರತಾ ಕೋಣೆಯ ಕಬ್ಬಿಣದ ಬಾಗಿಲಿಗೆ ಎರಡು ಬೀಗ, ಎರಡು ಕೀಲಿಕೈ, ಇಬ್ಬರು ಮನುಷ್ಯರು. ಒಂದು ಕೀಲಿಕೈ ಮ್ಯಾನೇಜರರ ಜೇಬಿನಲ್ಲಿ, ಇನ್ನೊಂದು ಹೆಡ್ ಕ್ಯಾಷಿಯರ್ ಅಂಜನಮೂರ್ತಿಯವರ ಸೊಂಟದಲ್ಲಿ. ಒಬ್ಬರೇ ಬಂದು ನಿಂತರೆ ಆ ಬಾಗಿಲು ಬರೀ ಗೋಡೆ. ಅಷ್ಟು ವರ್ಷಗಳಲ್ಲಿ ಆರು ಮ್ಯಾನೇಜರರು ಬದಲಾದರು. ಸೊಂಟ ಮಾತ್ರ ಅದೇ ಇತ್ತು, ಸುತ್ತಳತೆಯೊಂದನ್ನು ಬಿಟ್ಟು.

ಈ ಅಭ್ಯಾಸ ಮನೆಗೂ ಬಂದಿತ್ತು. "ಈವಯ್ಯ ನಮ್ಮನೆ ಬೀರು ತೆಗೆಯೋಕೂ ನನ್ನ ಸಾಕ್ಷಿಗೆ ಕರೀತದೆ. ಒಳಗಿರೋದು ನನ್ನ ನಾಲ್ಕು ಸೀರೆ," ಎಂದು ಹೆಂಡತಿ ಭಾಗ್ಯಲಕ್ಷ್ಮಿ ಬೀದಿಯಲ್ಲೆಲ್ಲ ಹೇಳಿಕೊಂಡು ನಗುತ್ತಿದ್ದರು.

ಇದರ ಬೇರು ಇನ್ನೂ ಹಿಂದಕ್ಕೆ ಹೋಗುತ್ತದೆ. ಹಲಸೂರಿನ ಕಾನ್ವೆಂಟಿನಲ್ಲಿ ನಾಲ್ಕನೇ ಕ್ಲಾಸು ಓದುವಾಗ, ಬಾರದ ಗೆಳೆಯನೊಬ್ಬನ ಹೆಸರು ಕೂಗಿದಾಗ ಅಂಜನಮೂರ್ತಿ ದನಿ ಬದಲಿಸಿ "ಪ್ರೆಸೆಂಟ್ ಸಿಸ್ಟರ್" ಎಂದುಬಿಟ್ಟಿದ್ದ. ಸಿಸ್ಟರ್ ಕನ್ನಡಕದ ಮೇಲಿಂದ ನೋಡಿದರು. ಆ ಹುಡುಗ ಹಿಂದಿನ ರಾತ್ರಿ ಜ್ವರದಲ್ಲಿ ತೀರಿಕೊಂಡಿದ್ದ. ಸುದ್ದಿ ಶಾಲೆಗೆ ಬಂದದ್ದು ಆಮೇಲೆ, ಎರಡನೇ ಪೀರಿಯಡ್ಡಿನಲ್ಲಿ. ಸಿಸ್ಟರ್ ಬೈಯಲಿಲ್ಲ, ಹೊಡೆಯಲಿಲ್ಲ. ರಿಜಿಸ್ಟರು ತೆಗೆದು ಆ ಒಂದು ಗುರುತನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿ, "ಸತ್ತವರ ಪರವಾಗಿ ಉತ್ತರ ಕೊಡಬಾರದು ಮಗು" ಎಂದಷ್ಟೇ ಹೇಳಿದರು. ಅವತ್ತಿನಿಂದ ಅಂಜನಮೂರ್ತಿ ಯಾವ ಪುಸ್ತಕದಲ್ಲೂ ಇಲ್ಲದ್ದನ್ನು ಇದೆ ಎಂದು ಬರೆದವರಲ್ಲ. ಐವತ್ತೈದನೇ ವಯಸ್ಸಿನವರೆಗೆ.

ಸಹಕಾರಿ ಬ್ಯಾಂಕು ಒಂದು ದಿನ ದೊಡ್ಡ ಬ್ಯಾಂಕಿನೊಳಗೆ ಕರಗಿತು, ಶಾಖೆ ಮುಚ್ಚಿತು, ಮೇಜು ಕುರ್ಚಿಗಳು ಹರಾಜಾದವು. ಭದ್ರತಾ ಕೋಣೆಯ ಬಾಗಿಲನ್ನು ಕೊಂಡವನು ಮೂವತ್ತೊಂದರ ಹುಡುಗ, ದಾವಣಗೆರೆಯ ಗುರುಕಿರಣ. ಅವನಿಗದು ಆಫೀಸಿನಲ್ಲಿ ಚೆಂದಕ್ಕೆ ನಿಲ್ಲಿಸಲು ಬೇಕಿತ್ತು. ಕೀಲಿಕೈ ಒಪ್ಪಿಸಲು ಹೋದ ಅಂಜನಮೂರ್ತಿಯವರು ಬಾಗಿಲು ತೆರೆಯುವ ಕ್ರಮವನ್ನು ಮುಕ್ಕಾಲು ಗಂಟೆ ವಿವರಿಸಿದರು. ಗುರುಕಿರಣ ಬಾಯಿ ತೆರೆದುಕೊಂಡು ಕೇಳಿ, "ಸರ್, ನೀವೂ ಬಂದ್ಬಿಡಿ" ಎಂದ. ಹೀಗೆ ಬಾಗಿಲಿನ ಜೊತೆ ಮನುಷ್ಯನ ಸಾಗಾಟವೂ ಇಂದಿರಾನಗರಕ್ಕೆ ಆಯಿತು.

ಕಂಪನಿಯ ಹೆಸರು ಝಣ್‌ಪೇ. ಅಲ್ಲಿ ಒಂದು ನಾಣ್ಯವೂ ಎಂದೂ ಝಣ್ ಎಂದದ್ದಿಲ್ಲ. ಯಾವುದೋ ದೇಶದ ಹೋಟೆಲಿನಲ್ಲಿ ಯಾರೋ ಉಂಡು ಬಿಟ್‌ಕಾಯಿನ್ನಿನಲ್ಲಿ ಬಿಲ್ಲು ಕೊಡುತ್ತಾನೆ. ಹೋಟೆಲಿನವನಿಗೆ ಬೇಕಾದ್ದು ತನ್ನ ದೇಶದ ದುಡ್ಡು. ನಡುವೆ ನಿಂತು ಇದನ್ನು ಪಡೆದು ಅದನ್ನು ಕೊಡುವುದು ಝಣ್‌ಪೇಯ ಕಸುಬು. ಅಂಜನಮೂರ್ತಿಯವರು ಹೆಂಡತಿಗೆ ಬಿಡಿಸಿ ಹೇಳಿದರು: "ರಸೆಲ್ ಮಾರ್ಕೆಟ್ ಹತ್ರ ಹರಿದ ನೋಟು ತಗೊಂಡು ಒಳ್ಳೆ ನೋಟು ಕೊಡ್ತಾರಲ್ಲ, ಹಂಗೆ."

"ಅಂದ್ರೆ ಹರಿದಿರೋ ದುಡ್ಡಾ?"

"ಇಲ್ಲ ಕಣೆ. ಕಣ್ಣಿಗೆ ಕಾಣದಿರೋ ದುಡ್ಡು."

"ಕಾಣದಿರೋ ದುಡ್ಡು ಕಾಯೋಕೆ ಸಂಬಳ ಕೊಡ್ತಾರಾ? ಅದನ್ನಾದ್ರೂ ಕಾಣೋ ಹಂಗೆ ಕೊಡೋಕೇಳಿ."

ಕೊಡುತ್ತಿದ್ದರು, ಒಂದನೇ ತಾರೀಕಿಗೇ. ಆದರೂ 'ಕ್ರಿಪ್ಟೊ' ಎಂಬ ಪದ ಕಿವಿಗೆ ಬಿದ್ದಾಗಲೆಲ್ಲ ಅಂಜನಮೂರ್ತಿಯವರಿಗೆ ಬೇರೊಂದು ನೆನಪಾಗುತ್ತಿತ್ತು. ದೊಡ್ಡ ಇಗರ್ಜಿಗಳಲ್ಲಿ ನೆಲದಡಿಯ ಸಮಾಧಿ ಕೋಣೆಗೆ ಕ್ರಿಪ್ಟ್ ಎನ್ನುತ್ತಾರೆಂದು ಸಿಸ್ಟರ್ ಹೇಳಿಕೊಟ್ಟಿದ್ದರು. ಮೇಲೆ ಪ್ರಾರ್ಥನೆ, ಕೆಳಗೆ ಬಿಷಪ್ಪರು. ಹಳೆಯ ಪಾಠ, ಸುಮ್ಮನೆ ಬಂದು ಹೋಗುತ್ತಿತ್ತು.

ಝಣ್‌ಪೇಯ ದೊಡ್ಡ ಗಂಟು ಇರುತ್ತಿದ್ದದ್ದು ಇಂಟರ್‌ನೆಟ್ಟಿಗೆ ತಾಗದ ಒಂದು ಖಜಾನೆಯಲ್ಲಿ. ಅದಕ್ಕೆ ಮೂವರು ಪಾಲಕರು, ಮೂರು ಕೀಲಿ. ಮೂವರಲ್ಲಿ ಇಬ್ಬರು ಒಪ್ಪಿದರೆ ಮಾತ್ರ ತೆರೆಯುತ್ತದೆ. ಈ ಕೀಲಿ ನೇರಳೆ ಹಣ್ಣಿನಷ್ಟು ದೊಡ್ಡ, ಕಪ್ಪಗೆ ನುಣುಪಾದ ಒಂದು ಯಂತ್ರ. ನಡುವೆ ಒತ್ತುವ ಜಾಗ. ಅಂಜನಮೂರ್ತಿಯವರು ಅದಕ್ಕೆ ಗುಂಡು ಎಂದು ಹೆಸರಿಟ್ಟರು. ಇಂದಿರಾನಗರದಲ್ಲಿ ಗುಂಡು ಹಾಕುವವರು ಸಾವಿರಾರು, ಕೊರಳಿಗೆ ಹಾಕಿಕೊಂಡವರು ಮೂವರೇ ಎಂದು ಆಫೀಸಿನಲ್ಲಿ ಮಾತಾಯಿತು. ಗುಂಡು ಹಗಲೂ ರಾತ್ರಿ ಮೈಮೇಲೆಯೇ ಇರಬೇಕು ಎನ್ನುವುದು ನಿಯಮ.

ಇನ್ನೊಂದು ನಿಯಮ ಸೋಮವಾರದ ಹಾಜರಿ. ಪ್ರತಿ ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ಮೂವರ ಕಂಪನಿ ಫೋನುಗಳಲ್ಲೂ ಒಂದು ಪ್ರಶ್ನೆ ಮೂಡುತ್ತಿತ್ತು: 'ನೀವು ಇದ್ದೀರಾ?' ಫೋನು ಹತ್ತಿರವಿಟ್ಟುಕೊಂಡು ಗುಂಡನ್ನು ಒತ್ತಬೇಕು. ಒತ್ತಿದರೆ ಆಫೀಸಿನ ಗೋಡೆಯ ಟೀವಿಯಲ್ಲಿ ಹೆಸರಿನ ಮುಂದೆ ಹಸಿರು ದೀಪ, 'ಇದ್ದೇನೆ.' ಹತ್ತು ನಿಮಿಷದಲ್ಲಿ ಇಬ್ಬರಾದರೂ ಹಸಿರಾಗದಿದ್ದರೆ ಪಾಲಕರಿಗೆ ಏನೋ ಆಗಿದೆಯೆಂದು ತಿಳಿದು ಖಜಾನೆ ತನ್ನಷ್ಟಕ್ಕೆ ತಾನೇ ಮೂವತ್ತು ದಿನ ಮುಚ್ಚಿಕೊಳ್ಳುತ್ತದೆ. ಮೂವತ್ತು ದಿನ ಹೋಟೆಲಿನವರಿಗೆ ದುಡ್ಡು ಹೋಗದಿದ್ದರೆ ಮೂವತ್ತೊಂದನೇ ದಿನ ಝಣ್‌ಪೇ ಇರುವುದಿಲ್ಲ.

ಗುರುಕಿರಣ, ಅಂಜನಮೂರ್ತಿ ಇಬ್ಬರಾದರೆ ಮೂರನೆಯ ಪಾಲಕ ಸಿದ್ಧಲಿಂಗೇಶ. ಗದಗಿನ ಕಡೆಯವನು, ಮೂವತ್ತೆಂಟು ವರ್ಷ, ಲಿಂಗರಾಜಪುರದಲ್ಲಿ ಹೆಂಡತಿ ಪ್ರತಿಭಾ ಜೊತೆ ಬಾಡಿಗೆ ಮನೆ. ಮನುಷ್ಯ ಪೂಜೆಯಲ್ಲಿ ಎಷ್ಟು ಶಿಸ್ತೋ ಮಾತಿನಲ್ಲಿ ಅಷ್ಟೇ ತಮಾಷೆ. ಅವನ ಕೊರಳಲ್ಲಿ ಎರಡು ದಾರ. ಒಂದು ಶಿವದಾರ, ಅದರಲ್ಲಿ ಬಿಳಿ ವಸ್ತ್ರದಲ್ಲಿ ಕಟ್ಟಿದ ಇಷ್ಟಲಿಂಗ. ಇನ್ನೊಂದರಲ್ಲಿ ಅಜ್ಜನ ಕಾಲದ ಬೆಳ್ಳಿ ಕರಡಿಗೆ. ಲಿಂಗವನ್ನಿಡಬೇಕಾದ ಆ ಪುಟ್ಟ ಡಬ್ಬಿಯಲ್ಲಿ ಅವನು ಇಟ್ಟದ್ದು ಗುಂಡನ್ನು.

"ಒಂದು ಶಿವಂದು, ಇನ್ನೊಂದು ಗುರುಕಿರಣಂದು ರೀ ಸರ. ಕರಡಿಗಿಗೆ ಕಳ್ಳ ಸೈತ ಕೈ ಹಾಕೂದಿಲ್ಲ."

ಅಂಜನಮೂರ್ತಿಯವರು ಹಾಜರಿಯ ಹೊತ್ತಿಗೆ ಹತ್ತೂಮುಕ್ಕಾಲರಿಂದಲೇ ಬೆರಳು ಒರೆಸಿಕೊಳ್ಳುತ್ತ ಕೂರುವುದನ್ನು ನೋಡಿ ಅವನು ನಗುತ್ತಿದ್ದ. "ಯಾಕ ಹೆದರ್ತೀರಿ ಸರ? ನೀವು ಮರತ್ರ ನಿಮ್ಮ ಹೆಸರಿಗೆ ನಾ ಪ್ರಾಕ್ಸಿ ಹಾಕ್ತೀನಿ."

"ಬೇಡಪ್ಪಾ," ಎನ್ನುತ್ತಿದ್ದರು ಅಂಜನಮೂರ್ತಿ, ನಗದೆ. "ಆ ಮಾತು ತಮಾಷೆಗೂ ಬೇಡ."

ಒಂದು ಗುರುವಾರ ಬೆಳಿಗ್ಗೆ ಆಫೀಸಿಗೆ ಬರುತ್ತ ಬಸ್ಸಿನಲ್ಲಿ ಸಿದ್ಧಲಿಂಗೇಶ ಎದೆ ಹಿಡಿದುಕೊಂಡು ಒರಗಿದ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮುಗಿದಿತ್ತು.

ಕೆ.ಆರ್. ಪುರದಿಂದಾಚೆಗೆ ಅವರ ಜನರ ಒಂದು ರುದ್ರಭೂಮಿ. ಶುಕ್ರವಾರ ಅಂಜನಮೂರ್ತಿಯವರು ಅಲ್ಲಿ ಜನರ ಹಿಂದೆ ನಿಂತಿದ್ದರು. ತಮ್ಮ ಕಡೆಯ ಸಾವುಗಳಲ್ಲಿ ಮಲಗಿಸಿ ಕಳಿಸುವುದನ್ನು ಕಂಡಿದ್ದ ಅವರಿಗೆ, ಪದ್ಮಾಸನ ಹಾಕಿ ಕುಳಿತೇ ಬಂದ ಸಿದ್ಧಲಿಂಗೇಶನನ್ನು ನೋಡಿ ಒಂದು ಕ್ಷಣ, ಈಗ ಕಣ್ಣು ಬಿಟ್ಟು 'ಬರ್ರಿ ಸರ' ಎಂದಾನು ಎನಿಸಿತು. ಕುಳಿತಂತೆಯೇ ಗುಣಿಗೆ ಇಳಿಸಿದರು. ಎಡ ಅಂಗೈಯಲ್ಲಿ ಏನೋ ಇಟ್ಟರು, ವಿಭೂತಿ, ಬಿಲ್ವಪತ್ರೆ, ಮಣ್ಣು. ಮೂರು ಹಿಡಿ ಮಣ್ಣು ಇವರೂ ಹಾಕಿದರು.

ಪಾಲಕ ತೀರಿಕೊಂಡರೆ ಅವನ ಗುಂಡು ಮತ್ತು ಕಂಪನಿ ಫೋನನ್ನು ಪಡೆದು ಲಾಕರಿನಲ್ಲಿಟ್ಟು ರಿಜಿಸ್ಟರಿನಲ್ಲಿ ಬರೆಯಬೇಕು. ಬರೆಯುವ ಕೆಲಸ ಅಂಜನಮೂರ್ತಿಯವರದು. ಭಾನುವಾರ ಲಿಂಗರಾಜಪುರಕ್ಕೆ ಹೋದರು. ಮನೆ ತುಂಬ ಗದಗಿನ ನೆಂಟರು. ಪ್ರತಿಭಾ ಎದ್ದು ಬಂದು, "ಬರ್ರಿ ಅಣ್ಣಾರ, ಕುಂದರ್ರಿ. ನಿಮ್ಮ ಸುದ್ದಿ ಭಾಳ ಹೇಳ್ತಿದ್ರು," ಎಂದಳು. ಕಣ್ಣು ಒಣಗಿದ್ದವು. ಮೂರು ದಿನದ ವಿಧವೆಯೆದುರು ಕುಳಿತು 'ಅಮ್ಮಾ, ಆ ಯಂತ್ರ ಕೊಡು' ಎನ್ನುವ ಬಾಯಿ ಬೇರೆಯವರಿಗಿರಬಹುದು. ಅಂಜನಮೂರ್ತಿಯವರು ಚಹಾ ಕುಡಿದು ಎದ್ದು ಬಂದರು.

ಸೋಮವಾರ ಒಂಬತ್ತೂವರೆಗೆ ಗುರುಕಿರಣ ಮೊಬೈಲಿನಿಂದ ತಲೆಯೆತ್ತದೆ ಕೇಳಿದ. "ಸಿದ್ಧೂದು ಕಲೆಕ್ಟ್ ಆಯ್ತಾ ಸರ್?"

"ಹೂಂ."

ಒಂದೇ ಅಕ್ಷರ, ಬಾಯಿ ತೆರೆಯದೆಯೂ ಆಡಬಹುದಾದದ್ದು. ಹನ್ನೊಂದನೇ ದಿನದ ಕಾರ್ಯ ಕಳೆಯಲಿ, ಹೋಗಿ ತಂದಿಟ್ಟರಾಯಿತು ಎಂದುಕೊಂಡರು. ರಿಜಿಸ್ಟರಿನಲ್ಲಿ ತಮ್ಮ ಮುತ್ತಿನಂಥ ಅಕ್ಷರದಲ್ಲಿ ಬರೆದರು: 'ಗುಂಡು ಒಂದು, ಫೋನು ಒಂದು, ಪಡೆದು ಲಾಕರಿನಲ್ಲಿ ಇರಿಸಿದೆ.' ಸಹಿಯೂ ಅಷ್ಟೇ ಅಂದವಾಗಿ ಬಂತು. ಅದೇ ಅವರನ್ನು ಆಮೇಲೆ ಹೆಚ್ಚು ಬಾಧಿಸಿದ್ದು.

ಹನ್ನೊಂದು ಗಂಟೆಗೆ ಹಾಜರಿ. ಗುರುಕಿರಣ, ಹಸಿರು. ಅಂಜನಮೂರ್ತಿ, ಹಸಿರು. ಸತ್ತವನ ಹೆಸರನ್ನು ತೆಗೆಯಬೇಕಾದರೆ ಹೊರಗಿನ ಆಡಿಟರ್ ಬಂದು ಕೂತು ಮೂರೂ ಕೀಲಿ ಹೊಸದಾಗಿ ಮಾಡಿಸಬೇಕು, ಅವರ ದಿನ ಸಿಗುವುದು ಎರಡು ತಿಂಗಳ ಮೇಲೆ. ಹಾಗಾಗಿ ಸಿದ್ಧಲಿಂಗೇಶ ಎಂಬ ಹೆಸರು ಟೀವಿಯಲ್ಲಿ ಬೂದು ಬಣ್ಣದಲ್ಲಿ ಉಳಿದಿತ್ತು. ಕಿಟಕಿಯಾಚೆ ಮೆಟ್ರೊ ಹಾದುಹೋಯಿತು. ಹನ್ನೊಂದು ಗಂಟೆ ಮೂರು ನಿಮಿಷಕ್ಕೆ ಬೂದು ಬಣ್ಣ ಹಸಿರಾಯಿತು.

'ಸಿದ್ಧಲಿಂಗೇಶ: ಇದ್ದೇನೆ.'

ಅಂಜನಮೂರ್ತಿಯವರ ಬೆನ್ನಹುರಿಯಲ್ಲಿ ಯಾರೋ ತಣ್ಣನೆಯ ಬೆರಳಿನಿಂದ ಕೆಳಗಿನಿಂದ ಮೇಲಕ್ಕೆ ಎಣಿಸುತ್ತ ಹೋದಂತಾಯಿತು.

"ಓ, ಲಾಕರಲ್ಲಿರೋದನ್ನ ಟೆಸ್ಟ್ ಮಾಡಿದ್ರಾ?" ಗುರುಕಿರಣ ಕುರ್ಚಿಯಿಂದಲೇ ಕೂಗಿದ. "ಒಂದು ಕ್ಷಣ ಜೀವ ಹೋಯ್ತು ಸರ್. ಹೇಳಿ ಮಾಡ್ಬಾರ್ದಾ?"

ನಿಜ ಹೇಳಲು ಮೊದಲನೆಯ ಸುಳ್ಳು ಅಡ್ಡ ನಿಂತಿತ್ತು. "ಹೂಂ," ಎಂದರು. ಎರಡನೆಯ ಹೂಂ.

ಮಧ್ಯಾಹ್ನ ಯಾರೂ ಇಲ್ಲದಾಗ ಲಾಕರು ತೆಗೆದು ನೋಡಿದರು. ತಾವು ಇಡದೇ ಇದ್ದದ್ದು ಅಲ್ಲಿ ಇರಲಿಲ್ಲ. ಇದ್ದರೆ ಇನ್ನೂ ಭಯವಾಗುತ್ತಿತ್ತೇನೋ.

ಮುಂದಿನ ಸೋಮವಾರ ಹನ್ನೊಂದು ಗಂಟೆ ಎರಡು ನಿಮಿಷಕ್ಕೆ ಹಸಿರು. ಅದರಾಚೆಯ ಸೋಮವಾರ ಹನ್ನೊಂದು ಗಂಟೆ ನಾಲ್ಕು ನಿಮಿಷ. ಲಾಕರಿನ ಗುಂಡನ್ನು ಅಂಜನಮೂರ್ತಿಯವರೇ ಒತ್ತುತ್ತಿದ್ದಾರೆಂದು ಗುರುಕಿರಣ ನಂಬಿದ್ದ. ಗುಂಡಿನ ಬ್ಯಾಟರಿ ಒಂದು ತಿಂಗಳು ಬಂದರೆ ಹೆಚ್ಚು, ಆಮೇಲೆ ಚಾರ್ಜು ಮಾಡಲೇಬೇಕು. ಐದನೆಯ ಸೋಮವಾರ ಅಂಜನಮೂರ್ತಿಯವರು ಟೀವಿಯಿಂದ ಕಣ್ಣು ಕೀಳದೆ ಕೂತರು. ಹಸಿರು. ಆರನೆಯ ಸೋಮವಾರವೂ. ಬದುಕಿದ್ದಾಗ ವಾರಕ್ಕೊಮ್ಮೆ ತಡವಾಗಿ ಬರುತ್ತಿದ್ದ ಸಿದ್ಧಲಿಂಗೇಶ ಸತ್ತ ಮೇಲೆ ಒಂದು ದಿನವೂ ತಪ್ಪಿಸಲಿಲ್ಲ.

ಪ್ರತಿಭಾಳಿಗೆ ಫೋನು ಮಾಡಿ ಕೇಳಬಹುದಿತ್ತು. ನಂಬರು ಒತ್ತಿ ಒತ್ತಿ ಅಳಿಸಿದರು. ಅವಳು ಕದ್ದಿಟ್ಟು ಒತ್ತುತ್ತಿದ್ದಾಳೆ ಎಂದಾದರೆ ಅದೊಂದು ಸಂಕಟ. ಅವಳಲ್ಲ ಎಂದಾದರೆ ಮುಂದೇನು ಕೇಳುವುದು? ರಾತ್ರಿ ಕೊರಳಿನ ಗುಂಡು ಎದೆಯ ಮೇಲೆ ಹೊರಳಿದರೆ ಎದ್ದು ಕೂರುತ್ತಿದ್ದರು. ಭಾಗ್ಯಲಕ್ಷ್ಮಿ, "ತಾಳಿ ಕಟ್ಟಿಸಿಕೊಂಡ ನಾನೇ ಇಷ್ಟು ಮುಟ್ಟಿ ನೋಡ್ಕೊಳ್ಳಲ್ಲ. ಏನಾಗೈತೆ ನಿಮಗೆ?" ಎಂದರೆ ಗೋಡೆ ಕಡೆ ಹೊರಳಿ ಮಲಗುತ್ತಿದ್ದರು.

ಹತ್ತನೆಯ ಸೋಮವಾರದ ಹಿಂದಿನ ಶುಕ್ರವಾರ ಗುರುಕಿರಣ ಹೇಳಿದ. "ಸರ್, ಆಡಿಟರ್ ಸಾಮಿಯಾ ಮೇಡಂ ಮಂಡೇ ಮೂರು ಗಂಟೆಗೆ ಬರ್ತಾರೆ. ಲಾಕರ್ ಓಪನ್ ಮಾಡಿ ಸಿದ್ಧೂ ಡಿವೈಸ್ ಕೈಯಲ್ಲಿ ಹಿಡ್ಕೊಂಡು ನೋಡ್ತಾರಂತೆ. ನೀವಿದ್ದೀರಲ್ಲ, ನನಗೇನ್ ಟೆನ್ಷನ್?"

ಇಪ್ಪತ್ತಾರು ವರ್ಷದ ಹೆಸರು, ಮೂರು ವರ್ಷದ ಅನ್ನ, ಎಲ್ಲ ಸೋಮವಾರ ಮೂರು ಗಂಟೆಗೆ ಖಾಲಿ ಲಾಕರಿನಲ್ಲಿ ತೆರೆದುಕೊಳ್ಳಲಿದ್ದವು. ಶನಿವಾರ ಬೆಳಿಗ್ಗೆ ಅಂಜನಮೂರ್ತಿಯವರು ಲಿಂಗರಾಜಪುರದ ಆ ಮನೆಯ ಬಾಗಿಲು ತಟ್ಟಿದರು.

ಪ್ರತಿಭಾ ಒಬ್ಬಳೇ ಇದ್ದಳು. ಇವರು ಕುಳಿತವರೇ ಎಲ್ಲವನ್ನೂ ಹೇಳಿದರು, ರಿಜಿಸ್ಟರು, ಎರಡು ಹೂಂ, ಹಸಿರು ದೀಪ. "ಬೈಯೋಕೆ ಬಂದಿಲ್ಲಮ್ಮ. ಒತ್ತುತಾ ಇದ್ರೆ ಒತ್ತುತಾ ಇದೀನಿ ಅನ್ನು ಸಾಕು. ಆ ಗುಂಡು ಕೊಟ್ಟುಬಿಡು."

ಅವಳು ಎದ್ದಳು. ಒಳಗೆ ಹೋಗಿ ಎರಡು ವಸ್ತು ತಂದಿಟ್ಟಳು. ಒಂದು ಕಂಪನಿಯ ಫೋನು. ಇನ್ನೊಂದು ಬಿಳಿ ವಸ್ತ್ರದ ಪುಟ್ಟ ಗಂಟು, ಸವೆದು ತುಂಡಾದ ಶಿವದಾರದ ಸಮೇತ.

"ಗುಂಡು ನನ್ನ ಹತ್ರ ಇಲ್ರಿ ಅಣ್ಣಾರ. ಅವತ್ತ ಮುಂಜಾನೆ ಪೂಜಿ ಮಾಡಿದ್ರು. ಶಿವದಾರ ಹರದಿತ್ತು. ಸಂಜಿಗೆ ಹೊಸಾದು ಹಾಕ್ತೀನಿ ಅಂತ ಲಿಂಗ ದೇವರ ಜಗಲಿ ಮ್ಯಾಲ ಇಟ್ಟು ಹಂಗ ಓಡಿದ್ರು. ಕೊಳ್ಳಾಗ ಬರೇ ಕರಡಿಗಿ ಇತ್ತು. ಗುಣಿಯಾಗ ಇಳಸೂ ಮುಂದ ಯಾರೋ ಹಿರ್ಯಾರು, ಕರಡಿಗಿ ಬಿಚ್ಚಬ್ಯಾಡ್ರಿ, ಲಿಂಗ ಅದರಾಗ ಐತಿ, ಹಂಗ ಅಂಗೈಯಾಗ ಇಡ್ರಿ ಅಂದ್ರು. ಇಟ್ರು. ನಾ ರಾತ್ರಿ ಮನಿಗೆ ಬಂದು ದೀಪಾ ಹಚ್ಚಾಕ ಹೋದ್ರ..." ಅವಳು ಗಂಟನ್ನು ಮುಟ್ಟಿದಳು. "ಇದು ಇಲ್ಲೇ ಕುಂತಿತ್ರಿ."

ಅಂಜನಮೂರ್ತಿಯವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅವತ್ತು ಜನರ ಹಿಂದೆ ನಿಂತು ನೋಡಿದ ಆ ಎಡ ಅಂಗೈ.

"ಗುಂಡು ಅವನ ಕೈಯಲ್ಲಿದೆ," ಎಂದರು, ಮೆಲ್ಲಗೆ.

"ಹೂಂ ರಿ. ಲಿಂಗ ಇಲ್ದ ಹ್ವಾದ್ರು. ಯಾರಿಗೂ ಹೇಳಿಲ್ಲ ನಾ. ಊರಾಗ ತಿಳದ್ರ ಏನಂದಾರು? ಪ್ರತಿ ಸೋಮವಾರ ಇದನ್ನ ಅಲ್ಲಿಗೆ ಒಯ್ತೀನಿ. ಕೈಯಾಗ ಹಿಡಕೊಂಡು ಕುಂದರ್ತೀನಿ, ವಾಪಸ್ ತರ್ತೀನಿ. ಒಬ್ಬಾಕಿ ಮಣ್ಣು ತಗ್ಯಾಕ ಧೈರ್ಯ ಬರೂದಿಲ್ಲ." ಆಮೇಲೆ ಫೋನಿನ ಕಡೆ ನೋಡಿದಳು. "ಇದು ಅವರ ದನಿ ಬಂದಂಗ ಅಂತ ಚಾರ್ಜ್ ಹಾಕಿ ಇಟ್ಟೀನಿ. ಚೀಲದಾಗ ಇರ್ತೈತಿ. ಅಲ್ಲಿ ಕುಂತಾಗ ಗುಂಯ್ ಅಂತೈತಿ, 'ನೀವು ಇದ್ದೀರಾ' ಅಂತ ಕೇಳ್ತೈತಿ. ನಾ ಏನೂ ಒತ್ತೂದಿಲ್ರಿ. ಸ್ವಲ್ಪ ಹೊತ್ತಿಗೆ ಅದ ತಾನ 'ಇದ್ದೇನೆ' ಅಂತೈತಿ."

ಅರ್ಧ ಲೆಕ್ಕ ಸಿಕ್ಕಿತು. ಫೋನು ಮೇಲೆ ಇವಳ ಚೀಲದಲ್ಲಿ, ಗುಂಡು ಕೆಳಗೆ ಅವನ ಅಂಗೈಯಲ್ಲಿ. ಆಳೆತ್ತರದ ಮಣ್ಣಿನ ಮೂಲಕ ಅವೆರಡೂ ಮಾತಾಡಲಾರವು ಎಂದು ಎಂಜಿನಿಯರುಗಳು ಹೇಳಿಯಾರು. ಹೇಳಲಿ, ಎಂಜಿನಿಯರುಗಳು ಎಷ್ಟೋ ಹೇಳುತ್ತಾರೆ. ಆದರೆ ಗುಂಡನ್ನು ಒಂದು ಬೆರಳು ಒತ್ತಬೇಕು. ಇನ್ನರ್ಧ ಲೆಕ್ಕದ ಕಡೆಗೆ ಅಂಜನಮೂರ್ತಿಯವರು ಮನಸ್ಸನ್ನು ಹರಿಯಬಿಡಲಿಲ್ಲ.

"ಒಬ್ಬರೇ ತೆಗೆಯೋ ಬಾಗಿಲಲ್ಲಮ್ಮ ಅದು," ಎಂದರು ಕೊನೆಗೆ. "ಸೋಮವಾರ ನಾನೂ ಬರ್ತೀನಿ. ಇಬ್ಬರಿದ್ರೆ ಆಗತ್ತೆ."

"ನಿಮ್ಮ ಗುಂಡು ಬೇಕಲ್ರಿ ಮತ್ತ?"

"ಅದು ಬೇಡ. ಅಲ್ಲಿಂದ ಏನೂ ಹೊರಗೆ ತೆಗೆಯೋದು ಬೇಡ."

ಭಾನುವಾರ ಕಣ್ಣಿಗೆ ನಿದ್ದೆ ಹತ್ತಲಿಲ್ಲ. ತಮ್ಮ ಕಂಪನಿ ಫೋನನ್ನು ಚಾರ್ಜಿಗೆ ಹಾಕುವುದೂ ಮರೆತುಹೋಯಿತು.

ಸೋಮವಾರ ಹತ್ತೂವರೆ. ಬಿಸಿಲು ಬೆಳ್ಳಗೆ ಹರಡಿತ್ತು. ಹೆದರಿಕೆಗೆ ಕತ್ತಲೆ ಬೇಕು ಎಂದವರು ಹಗಲಿನ ರುದ್ರಭೂಮಿ ಕಂಡವರಲ್ಲ. ಇಲ್ಲಿ ಎಲ್ಲವೂ ಸ್ಪಷ್ಟ ಕಾಣುತ್ತದೆ, ಕಾಣದ್ದು ಎಲ್ಲಿದೆ ಎಂಬುದೂ. ದೂರದಲ್ಲಿ ರೈಲು ಕೂಗಿತು. ಸಮಾಧಿಯ ಮಣ್ಣು ಇನ್ನೂ ಪೂರ್ತಿ ಕೂತಿರಲಿಲ್ಲ. ಅಂಜನಮೂರ್ತಿಯವರು ಅಂಗಿಯ ತೋಳು ಮಡಚಿ, ಕೊರಳಿನ ಗುಂಡು ಮಣ್ಣಿಗೆ ತಾಗದಿರಲೆಂದು ತೆಗೆದು, ಫೋನಿನೊಂದಿಗೆ ಬಟ್ಟೆ ಚೀಲಕ್ಕೆ ಹಾಕಿ ಪಕ್ಕದ ಕಟ್ಟೆಯ ಮೇಲಿಟ್ಟರು.

ಪ್ರತಿಭಾ ವಿಭೂತಿ ಇಟ್ಟು, ಪತ್ರೆ ಇಟ್ಟು, ಸಿದ್ಧಲಿಂಗೇಶನ ಫೋನನ್ನು ಮಣ್ಣಿನ ಮೇಲೆ ಇಟ್ಟಳು. ತೆರೆ ತಾನಾಗಿ ಬೆಳಗಿತು. 'ಗುಂಡು ಹತ್ತಿರದಲ್ಲಿದೆ. ಚಾರ್ಜ್ ಪೂರ್ತಿ.'

ಒಂದು ತಿಂಗಳ ಬ್ಯಾಟರಿ, ಒಂಬತ್ತು ವಾರ ಮಣ್ಣಿನಡಿ. ಅಂಜನಮೂರ್ತಿಯವರು ಮಣ್ಣನ್ನೇ ನೋಡಿದರು. ತಾವು ಕುಕ್ಕರಗಾಲಲ್ಲಿ ಕೂತ ಜಾಗದ ನೇರ ಕೆಳಗೆ ಅವನು ಕುಳಿತಿದ್ದಾನೆ, ಇವರ ಹಾಗೆಯೇ ನೆಟ್ಟಗೆ, ಎಡಗೈ ಮುಂದೆ ಮಾಡಿ. ಏಳಬೇಕೆನಿಸಿತು. ಏಳಲಿಲ್ಲ.

"ಅಣ್ಣಾರ, ಮಣ್ಣು ನೀವು ತಗೀರಿ. ಲಿಂಗ ನಾ ಇಡ್ತೀನಿ."

ತೆಂಗಿನ ಚಿಪ್ಪಿನಿಂದ ಅಗೆದರು. ಮೊಳಕೈ ಮುಳುಗುವಷ್ಟು ಆಳಕ್ಕೆ ಹೋದಾಗ ಮಣ್ಣು ಬೆಚ್ಚಗಿತ್ತು. ಆಳಕ್ಕೆ ಹೋದಂತೆ ತಣ್ಣಗಾಗಬೇಕಲ್ಲವೇ ಎಂಬ ಯೋಚನೆ ಬಂತು, ಬಾಯಿಗೆ ತರಲಿಲ್ಲ. ಪ್ರತಿಭಾ ಬಿಳಿ ಗಂಟನ್ನು ಕಣ್ಣಿಗೊತ್ತಿಕೊಂಡು, "ತಗೋರಿ, ನಿಮ್ಮದು," ಎಂದು ಮಗುವನ್ನು ಮಲಗಿಸಿದ ಹಾಗೆ ಇಟ್ಟಳು. ಇಬ್ಬರೂ ಸೇರಿ ಮಣ್ಣು ಮುಚ್ಚಿದರು.

ಫೋನು ಗುಂಯ್ ಎಂದಿತು. ಹನ್ನೊಂದು.

'ನೀವು ಇದ್ದೀರಾ?'

ಒಂದು ನಿಮಿಷ. ಎರಡು. ಒಂದು ಕಾಗೆ ಬಂದು ಕಟ್ಟೆಯ ಮೇಲೆ ಕೂತು, ಇವರನ್ನು ನೋಡಿ, ಹಾರಿಹೋಯಿತು. ಐದು. ಪ್ರತಿಭಾ ತುಟಿ ಕಚ್ಚಿಕೊಂಡಿದ್ದಳು. ಹತ್ತು ನಿಮಿಷಕ್ಕೆ ತೆರೆಯ ಮೇಲೆ ಕೆಂಪು ಅಕ್ಷರ ಬಂತು: 'ಉತ್ತರ ಇಲ್ಲ.' ಅದರ ಕೆಳಗೆ, 'ಗುಂಡು ಸಿಗುತ್ತಿಲ್ಲ.'

ಅವಳು ಅವತ್ತು ಮೊದಲ ಸಲ ಅತ್ತಳು. ಅಂಜನಮೂರ್ತಿಯವರು ಪಕ್ಕದಲ್ಲಿ ಕೂತೇ ಇದ್ದರು, ಅಳು ಮುಗಿಯುವವರೆಗೂ. ಆಮೇಲೆ ಅವಳನ್ನು ಆಟೋ ಹತ್ತಿಸಿ, ಕೆ.ಆರ್. ಪುರದಲ್ಲಿ ಮೆಟ್ರೊ ಹಿಡಿದರು.

ಬೆನ್ನಿಗಾನಹಳ್ಳಿ ದಾಟುವಾಗ ಎದೆಯ ಮೇಲೆ ಕೈ ಹೋಯಿತು. ಕೊರಳು ಬರಿದಾಗಿತ್ತು.

ತಮ್ಮ ಹಾಜರಿ! ಸಿದ್ಧಲಿಂಗೇಶ ಕೆಂಪು, ತಾವು ಒತ್ತಿಲ್ಲ, ಉಳಿದದ್ದು ಗುರುಕಿರಣ ಒಬ್ಬನೇ. ಖಜಾನೆ ಮುಚ್ಚಿಕೊಂಡಿದೆ. ಚೀಲಕ್ಕೆ ಕೈ ಹಾಕಿದರು. ಗುಂಡು ಇತ್ತು. ಫೋನು ತೆಗೆದು ಒತ್ತಿದರು, ಮತ್ತೆ ಒತ್ತಿದರು. ಸತ್ತ ಫೋನು. ಬೆಳಗಿನ ಜಾವವೇ ಬ್ಯಾಟರಿ ಮುಗಿದಿರಬೇಕು. ಒಂದು ಸುಳ್ಳು ಬರೆದದ್ದಕ್ಕೆ ಆಫೀಸಿನ ಇಪ್ಪತ್ತು ಹುಡುಗರ ಅನ್ನ ಹೋಯಿತು ಎಂದುಕೊಂಡರು. ಇಂದಿರಾನಗರದ ಮೆಟ್ಟಿಲನ್ನು ಹೇಗಿಳಿದರೋ.

ಆಫೀಸಿನಲ್ಲಿ ಗದ್ದಲವೇನೂ ಇರಲಿಲ್ಲ. ಗುರುಕಿರಣ ಬಿರಿಯಾನಿ ಆರ್ಡರ್ ಮಾಡುತ್ತಿದ್ದ.

"ಎಲ್ಲಿ ಹೋಗಿದ್ರಿ ಸರ್? ಸಿದ್ಧೂದು ಇವತ್ತು ಯಾಕೆ ಒತ್ತಲಿಲ್ಲ? ರೆಡ್ ಬಂತು. ಸದ್ಯ, ನಿಮ್ಮದು ಬಂತಲ್ಲ."

ಅಂಜನಮೂರ್ತಿಯವರು ಗೋಡೆಯ ಕಡೆ ತಿರುಗಿದರು.

'ಗುರುಕಿರಣ: ಇದ್ದೇನೆ. 11:00.'

'ಅಂಜನಮೂರ್ತಿ: ಇದ್ದೇನೆ. 11:01.'

ಕಟ್ಟೆಯ ಮೇಲೆ ಚೀಲ. ಚೀಲದೊಳಗೆ ಸತ್ತ ಫೋನು. ಪಕ್ಕದಲ್ಲಿ ಯಾರೂ ಇರಲಿಲ್ಲ, ಇವರಿಬ್ಬರನ್ನು ಬಿಟ್ಟು. ಇಬ್ಬರ ಕೈಯೂ ಸಮಾಧಿಯ ಮಣ್ಣಿನ ಮೇಲಿತ್ತು.

ನೆಲದ ಮೇಲೆ ಕೂತುಬಿಟ್ಟರು. ಗುರುಕಿರಣ ಓಡಿ ಬಂದು ನೀರು ಕೊಟ್ಟ. ಅಂಜನಮೂರ್ತಿಯವರು ಕುಡಿದು, ರಿಜಿಸ್ಟರು ಕೇಳಿ, ಕೆಂಪು ಪೆನ್ನು ಕೇಳಿ, ಒಂಬತ್ತು ವಾರ ಹಿಂದಿನ ನಮೂದಿನ ಮೇಲೆ ಗೆರೆ ಎಳೆದರು. 'ಪಡೆದಿಲ್ಲ. ಸುಳ್ಳು ಬರೆದೆ.' ಸಹಿ. ಈ ಸಲ ಅಕ್ಷರ ಕಾಗೆ ಕಾಲಿನಂತಾಯಿತು. ಗುರುಕಿರಣ ಓದಿ ಬಿರಿಯಾನಿಯನ್ನು ರದ್ದು ಮಾಡಿದ.

ಮೂರು ಗಂಟೆಗೆ ಸಾಮಿಯಾ ಬಂದಳು. ರಿಚರ್ಡ್ಸ್ ಟೌನಿನ ಹುಡುಗಿ, ತಲೆಗೆ ನೀಲಿ ದುಪಟ್ಟಾ, ಕೈಯಲ್ಲಿ ಲ್ಯಾಪ್‌ಟಾಪ್. ಎಲ್ಲವನ್ನೂ ಕೇಳಿಸಿಕೊಂಡಳು, ನಡುವೆ ಒಮ್ಮೆಯೂ ಟೈಪು ಮಾಡಲಿಲ್ಲ. ಹೊಸ ಕೀಲಿಗಳನ್ನು ಮಾಡಿಸಲು ಹಳೆಯವರಲ್ಲಿ ಇಬ್ಬರು ಒತ್ತಬೇಕು. ಗುರುಕಿರಣ ಒತ್ತಿದ. ಅಂಜನಮೂರ್ತಿಯವರು ಫೋನಿಗೆ ಚಾರ್ಜು ಹಾಕಿ ಒತ್ತಿದರು. ಖಜಾನೆ ಹೊಸ ಮೂವರ ಕೈಗೆ ಹೋಯಿತು. ಹಳೆಯ ಮೂರು ಗುಂಡುಗಳೂ, ಮೇಲಿನ ಎರಡು ಮತ್ತು ಕೆಳಗಿನ ಒಂದು, ಬರೀ ಕಲ್ಲಾದವು.

"ಸುಳ್ಳು ಎಂಟ್ರಿ ಅಂದ್ರೆ ರೂಲ್ ರೂಲೇ ಅಂಕಲ್," ಎಂದಳು ಸಾಮಿಯಾ. "ನಿಮ್ಮನ್ನ ಕಸ್ಟೋಡಿಯನ್ ಮಾಡೋಕಾಗಲ್ಲ ಇನ್ಮೇಲೆ. ಸಾರಿ."

"ಸರಿಯಾಗಿದೆಯಮ್ಮ. ನಾನೇ ಆಡಿಟರ್ ಆಗಿದ್ರೂ ಅದೇ ಮಾಡ್ತಿದ್ದೆ."

"ಆ ಬಾಗಿಲು ಒರೆಸಿಕೊಂಡು ಇಲ್ಲೇ ಇರಿ ಸರ್," ಎಂದ ಗುರುಕಿರಣ, ಎಲ್ಲೋ ನೋಡುತ್ತ. "ಬಾಗಿಲಿನ ಜೊತೆ ಬಂದವರು, ನಿಮ್ಮನ್ನ ಎಲ್ಲಿಗೆ ಕಳಿಸಲಿ?"

ಸಾಮಿಯಾ ಬೆಳಗಿನ ಹಾಜರಿಯ ಪಟ್ಟಿಯನ್ನು ಮುಂದಿಟ್ಟಳು. ಪ್ರತಿ ಹಸಿರು ದೀಪದ ಎದುರು 'ಒತ್ತಿದವರು' ಎಂಬ ಕಡೆ ಪಾಲಕರು ಸಹಿ ಹಾಕಬೇಕು. ಅಂಜನಮೂರ್ತಿಯವರು 11:01ರ ಎದುರು ಪೆನ್ನು ಇಟ್ಟರು. ಎರಡೇ ಪದ ಬರೆದು ಕಾಗದವನ್ನು ತಿರುಗಿಸಿ ಅವಳ ಕಡೆ ತಳ್ಳಿದರು.

'ನಾನು ಒತ್ತಿಲ್ಲ.'

ಸಾಮಿಯಾ ಓದಿದಳು. ಗುರುಕಿರಣನ ಕಡೆ ನೋಡಿದಳು, ಗೋಡೆಯ ಟೀವಿ ನೋಡಿದಳು. ದುಪಟ್ಟಾವನ್ನು ತೋಳಿನ ಮೇಲೆ ಎಳೆದುಕೊಂಡಳು. ಏಸಿ ಆರಿತ್ತು.

"ಅಂಕಲ್, ಇದನ್ನ ನಾನು ರಿಪೋರ್ಟಲ್ಲಿ ಏನಂತ ಬರೀಲಿ?"

ಅಂಜನಮೂರ್ತಿಯವರು ಬರಿದಾದ ಕೊರಳನ್ನು ಒಮ್ಮೆ ಮುಟ್ಟಿಕೊಂಡರು. ಉಗುರಿನ ಸಂದಿಯಲ್ಲಿ ಮಣ್ಣು ಇನ್ನೂ ಇತ್ತು.

"ಸಿದ್ಧಲಿಂಗೇಶ ಕೊಟ್ಟ ಮಾತು ನಡೆಸಿದಾನೆ ಅಂತ ಬರೆಯೋಕೆ ನಿಮ್ಮಲ್ಲಿ ಕಾಲಂ ಇದ್ರೆ ಬರಿಯಮ್ಮ. ಇಲ್ಲದಿದ್ರೆ ಖಾಲಿ ಬಿಡು."